ಚರಳು ಮಾರ್ಗದಲ್ಲಿ ಸೈಕಲ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಕಾಸರಗೋಡು ಪೇಟೆಯಿಂದ ಹೊರಟು ಚಂದ್ರಗಿರಿ ಹೊಳೆಯ ಆಸುಪಾಸಿನಲ್ಲಿ ಗ್ರಾವೆಲ್ ಬೈಕ್ ತುಳಿಯುವ ಬಗ್ಗೆ. ಗ್ರಾವೆಲ್ ಬೈಕ್ ಎಂದರೆ ರೇಸಿಂಗ್ ಸೈಕಲ್ಲಿನ ಬಾಗಿದ ಹ್ಯಾಂಡಲ್, ಅದಕ್ಕೆ 38ರಿಂದ 45 ಮಿ.ಮೀ. ಅಗಲದ ಟೈರ್, ಡಿಸ್ಕ್ ಬ್ರೇಕ್. ಡಾಮರು, ಚರಳು (ಸಣ್ಣ ಹರಳುಕಲ್ಲಿನ ಮಣ್ಣುದಾರಿ) ಎರಡರಲ್ಲೂ ಓಡುತ್ತದೆ. ಒಂದೇ ಬಗೆಯ ಕಾಗದಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಭಾನುವಾರ ಬೆಳಗ್ಗೆ ಬಂದು, ಕಾಸರಗೋಡಿನ ಸುತ್ತ 40–50 ಕಿ.ಮೀ. ತುಳಿದು, ಸಂಜೆಯೊಳಗೆ ಊರು ಸೇರಬೇಕು. ಪೂರ್ತಿ ಮಣ್ಣಿನ ಮಾರ್ಗವೇ ಇರುವ ದಾರಿ ಹೇಳಿ. — ಓದುಗರು, ಮಂಗಳೂರು

ಪೂರ್ತಿ ಮಣ್ಣಿನ ಮಾರ್ಗ ಎಂಬ ಆಸೆಯನ್ನು ಮೊದಲು ಬಿಡಿ. ಇಲ್ಲಿ ಮನೆಮನೆಗೂ ಡಾಮರು ಅಥವಾ ಕಾಂಕ್ರೀಟು ಬಂದಾಗಿದೆ. ಉಳಿದಿರುವುದು ತುಂಡು ತುಂಡು: ಪದವಿನ (ಎತ್ತರದ ಚಪ್ಪಟೆ ನೆಲದ) ಮೇಲಿನ ಚರಳು, ಕೆಂಪುಕಲ್ಲಿನ ಕೋರೆಗೆ ಲಾರಿ ಹೋಗುವ ಮಾರ್ಗ, ತೋಟದ ಬದಿಯ ಜೀಪಿನ ಜಾಡು, ಹೊಳೆಬದಿಯ ಕಾಲುದಾರಿ. ಹತ್ತು ಕಿ.ಮೀ. ತುಳಿದರೆ ಮೂರೋ ನಾಲ್ಕೋ ಕಿ.ಮೀ. ಚರಳು ಸಿಕ್ಕಿದರೆ ಒಳ್ಳೆಯ ದಾರಿ ಎಂದೇ ಲೆಕ್ಕ. ಹಾಗಾಗಿ ಟೈರನ್ನು ಡಾಮರಿಗೂ ಒಪ್ಪುವಂತೆ ಆರಿಸಿ. ದೊಡ್ಡ ದೊಡ್ಡ ಗುಬ್ಬಿಗಳ (ಎದ್ದುನಿಂತ ರಬ್ಬರ್ ಉಬ್ಬುಗಳ) ಟೈರ್ ಇಲ್ಲಿ ದಂಡ.

ಬರುವುದು ಹೇಗೆ? ಮಂಗಳೂರಿನಿಂದ ಕಾಸರಗೋಡಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 50 ಕಿ.ಮೀ. ತಲಪಾಡಿಯಿಂದ ಚೆಂಗಳವರೆಗಿನ 39 ಕಿ.ಮೀ. ಆರು ಪಥ. ಸೈಕಲ್ಲಿನಲ್ಲಿ ಬರುವುದಾದರೆ ಸರ್ವೀಸ್ ರಸ್ತೆ ಬಿಟ್ಟು ಮೇಲೆ ಹತ್ತಬೇಡಿ. ಕೆಲವು ಹೊಳೆ ಸೇತುವೆಗಳ ಬಳಿ ಮಾತ್ರ ಸರ್ವೀಸ್ ರಸ್ತೆ ಮುಖ್ಯ ಮಾರ್ಗಕ್ಕೆ ಸೇರಿಬಿಡುತ್ತದೆ, ಅಲ್ಲಿ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಎದುರು ಬದಿಗೆ ದಾಟುವುದು ಅಂಡರ್‌ಪಾಸ್‌ಗಳಲ್ಲಿ ಮಾತ್ರ; ನಡುವಿನ ಗೋಡೆಯನ್ನು ಸೈಕಲ್ ಎತ್ತಿಕೊಂಡು ದಾಟುವವರನ್ನು ಕಂಡು ಕಲಿಯಬೇಡಿ. ರೈಲಾದರೆ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿಸಬೇಕು. ಎಲ್ಲ ಗಾಡಿಗಳಲ್ಲೂ ಅದಕ್ಕೆ ಅನುಕೂಲ ಇರುವುದಿಲ್ಲ, ಸಣ್ಣ ನಿಲ್ದಾಣಗಳಲ್ಲಿ ಇಳಿಸಿಕೊಳ್ಳುವಷ್ಟು ಹೊತ್ತು ಗಾಡಿ ನಿಲ್ಲುವುದೂ ಇಲ್ಲ. ಹಿಂದಿನ ದಿನವೇ ಹೋಗಿ ವಿಚಾರಿಸಿ.

ಮೊದಲ ಸಲಕ್ಕೆ ಉತ್ತರದ ದಾರಿಯನ್ನೇ ಹಿಡಿಯಿರಿ. ಕಾಸರಗೋಡು ಪೇಟೆಯಿಂದ ಉಳಿಯತ್ತಡ್ಕ, ಮಧೂರು. ಮಧುವಾಹಿನಿ ಹೊಳೆಯ ದಡದ ದೇವಸ್ಥಾನದವರೆಗೆ ಸುಮಾರು 8 ಕಿ.ಮೀ., ಪೂರ್ತಿ ಡಾಮರು, ಕಾಲು ಸಡಿಲಾಗಲು ಅಷ್ಟು ಬೇಕು. ಅಲ್ಲಿಂದ ಮಾಯಿಪ್ಪಾಡಿ, ಸೀತಾಂಗೋಳಿ ಕಡೆಗೆ ಏರುತ್ತ ಹೋದಂತೆ ತೋಟ ಮುಗಿದು ಪದವು ಶುರುವಾಗುತ್ತದೆ. ಸೀತಾಂಗೋಳಿಯಿಂದ ಅನಂತಪುರದ ಸರೋವರ ಕ್ಷೇತ್ರ, ನಾಯ್ಕಾಪು, ಕುಂಬಳೆ. ಒಟ್ಟು 25 ಕಿ.ಮೀ. ಆಸುಪಾಸು. ಅನಂತಪುರದ ಸುತ್ತ ಬೋಳು ಮುರಕಲ್ಲಿನ (ಕೆಂಪುಕಲ್ಲಿನ) ಪಾದೆ, ಅಂದರೆ ಬಂಡೆ ನೆಲ ಇದೆ, ಮಾರ್ಗದ ಎರಡೂ ಕಡೆ ಜಾಡುಗಳು ಒಡೆಯುತ್ತವೆ. ಚರಳು ಬೇಕೆಂದವರಿಗೆ ಸಿಗುವುದು ಇಲ್ಲೇ. ಮಳೆಗಾಲದಲ್ಲಿ ಮತ್ತು ಅದು ಕಳೆದು ಒಂದು ತಿಂಗಳವರೆಗೆ ಮಾತ್ರ ಜಾಡು ಬಿಟ್ಟು ಪಾದೆಯ ಮೇಲೆ ಚಕ್ರ ಹಾಯಿಸಬೇಡಿ. ಪಾದೆಯ ಹೊಂಡಗಳಲ್ಲಿ ನಿಂತ ನೀರು, ಅರ್ಧ ಇಂಚು ಮಣ್ಣಿನಲ್ಲಿ ಎದ್ದ ಹುಲ್ಲು, ಹೂ, ಎಲ್ಲ ಆ ಕೆಲವೇ ವಾರಗಳ ಬದುಕು. ಕುಂಬಳೆಯಿಂದ ಸರ್ವೀಸ್ ರಸ್ತೆಯಲ್ಲಿ ಕಾಸರಗೋಡಿಗೆ ಹಿಂದಿರುಗಿದರೆ ನಿಮ್ಮ 40 ಕಿ.ಮೀ. ತುಂಬುತ್ತದೆ.

ಹೊಳೆಯೇ ಬೇಕು ಎನ್ನುವವರಿಗೆ ದಕ್ಷಿಣದ ಸುತ್ತು: ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಕೆಳದಿ ಶಿವಪ್ಪ ನಾಯಕನ ಕಾಲದ ಚಂದ್ರಗಿರಿ ಕೋಟೆ, ಅಲ್ಲಿಂದ ಒಳಮಾರ್ಗಗಳಲ್ಲಿ ಚಟ್ಟಂಚಾಲ್, ತೆಕ್ಕಿಲ್ ಸೇತುವೆಯಲ್ಲಿ ಮತ್ತೆ ಹೊಳೆ ದಾಟಿ ಚೆಂಗಳ, ಕಾಸರಗೋಡು. ಸುಮಾರು 30 ಕಿ.ಮೀ. ನೋಟ ಚೆಂದ, ಚರಳು ಕಡಿಮೆ, ಸಣ್ಣ ಸಣ್ಣ ಏರು ಹೆಚ್ಚು. ಚಟ್ಟಂಚಾಲ್–ಚೆಂಗಳ ನಡುವೆ ಹೆದ್ದಾರಿಗಾಗಿ ಗುಡ್ಡೆಯನ್ನು ನೆಟ್ಟಗೆ ಕಡಿದಿದ್ದಾರೆ. ಜೋರು ಮಳೆ ಬಂದ ದಿನ, ಮರುದಿನ ಆ ಬದಿಯಲ್ಲಿ ಹೋಗಬೇಡಿ, ಮಣ್ಣು ಜಾರುತ್ತದೆ. ಹೊಳೆಬದಿಯ ಕಾಲುದಾರಿಗಳಿಗೆ ಭರತದ (ಕಡಲ ಉಬ್ಬರದ) ಲೆಕ್ಕವೂ ಬೇಕು. ಬೇಸಿಗೆಯಲ್ಲಿ ಉಪ್ಪುನೀರು ಎಷ್ಟೋ ಒಳಗೆ, ಬಾವಿಕ್ಕರೆಯವರೆಗೂ ಏರುತ್ತಿತ್ತು. ಕುಡಿಯುವ ನೀರು ಉಳಿಸಲೆಂದೇ ಅಲ್ಲಿ ಅಡ್ಡಗಟ್ಟು ಕಟ್ಟಿದ್ದು. ಭರತದಲ್ಲಿ ಮುಳುಗಿ ಇಳಿತದಲ್ಲಿ ಎದ್ದ ಮಣ್ಣು ನೋಡಲು ಗಟ್ಟಿ, ಚಕ್ರ ಇಟ್ಟರೆ ಕೆಸರು. ಆ ಕೆಸರಿನಲ್ಲಿ ಉಪ್ಪಿದೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಚೈನು ಮರುದಿನವೇ ಕೆಂಪಾಗಿರುತ್ತದೆ.

ಮುಳ್ಳೇರಿಯ, ಕಾರಡ್ಕ, ದೇಲಂಪಾಡಿ ಕಡೆಯ ಕಾಡಂಚಿನ ಮಾರ್ಗಗಳು ಇವೆರಡಕ್ಕಿಂತ ಚೆನ್ನಾಗಿವೆ. ಆದರೆ ಆನೆ ಬರುವ ಜಾಗ. ಬಿಸಿಲು ಏರಿದ ಮೇಲೆ ಹೋಗಿ, ನಾಲ್ಕು ಗಂಟೆಯೊಳಗೆ ದೊಡ್ಡ ಮಾರ್ಗಕ್ಕೆ ಬನ್ನಿ. ಮೀಸಲು ಅರಣ್ಯದ ಒಳಗಿನ ಜಾಡಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕೇ ಬೇಕು.

ಪ್ರಶ್ನೆ: ಚರಳಿನ ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಎರಡು ಸಲ ಬಿದ್ದೆ. ಟೈರ್ 700×38, ಟ್ಯೂಬ್ ಇದೆ, ಗಾಳಿ 60 ಪಿಎಸ್‌ಐ, ನನ್ನ ತೂಕ 70 ಕಿಲೋ. ಹೆಚ್ಚು ಕಚ್ಚು ಇರುವ ಟೈರ್ ಹಾಕಿದರೆ ಸರಿಯಾದೀತೇ? — ಓದುಗರು, ಬದಿಯಡ್ಕ

ಟೈರ್ ಬದಲಿಸುವ ಮೊದಲು ಗಾಳಿ ಬಿಡಿ. 60 ಇರುವ ಟೈರು ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ. ಪುಟಿದಷ್ಟು ಹೊತ್ತು ಅದಕ್ಕೆ ನೆಲ ಸಿಗುವುದಿಲ್ಲ, ನೆಲ ಸಿಗದಿದ್ದರೆ ಹಿಡಿತವೂ ಇಲ್ಲ. ನಿಮ್ಮ ತೂಕಕ್ಕೆ, ಟ್ಯೂಬ್ ಇರುವ 38ರ ಟೈರಿಗೆ ಮುಂದೆ 42, ಹಿಂದೆ 46ರಿಂದ ಶುರುಮಾಡಿ. ಪರಿಚಯದ ಒಂದು ಕಿ.ಮೀ. ಚರಳನ್ನೇ ಮತ್ತೆ ಮತ್ತೆ ತುಳಿಯುತ್ತ ಪ್ರತಿ ಸಲ 2 ಇಳಿಸಿ. ಕಲ್ಲಿಗೆ ರಿಮ್ ತಾಗಿ 'ಟಕ್' ಎಂದು ಕೇಳಿದರೆ ನಿಲ್ಲಿಸಿ, 3 ಏರಿಸಿ. ಅದೇ ನಿಮ್ಮ ಅಂಕೆ, ಬರೆದಿಡಿ. ಟ್ಯೂಬ್‌ಲೆಸ್ ಮಾಡಿಸಿದರೆ ಇನ್ನೂ ಐದಾರು ಇಳಿಸಬಹುದು. ಪಂಪಿನ ಮೀಟರುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಆದ್ದರಿಂದ ಯಾವಾಗಲೂ ಒಂದೇ ಪಂಪಿನಲ್ಲಿ ಅಳೆಯಿರಿ. ಬೆಳಗಿನ ತಂಪಿನಲ್ಲಿ 25 ಡಿಗ್ರಿಗೆ 40 ಹಾಕಿದ ಟೈರು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ 55 ಡಿಗ್ರಿಗೆ ಕಾದರೆ ಐದಾರು ಪಿಎಸ್‌ಐ ತಾನಾಗಿ ಏರಿರುತ್ತದೆ, ಅದೂ ನೆನಪಿರಲಿ.

ಉಳಿದ ತಪ್ಪು ಬ್ರೇಕಿನದು. ಮುರಕಲ್ಲು ಒಡೆದು ಆಗುವ ಚರಳು ಜಲ್ಲಿಯ ಹಾಗೆ ಮೊನೆಮೊನೆ ಅಲ್ಲ, ಗುಂಡಗಿನ ಹರಳು. ಅಡಿಯಲ್ಲಿ ನೆಲ ಸಿಮೆಂಟಿನಷ್ಟು ಗಟ್ಟಿ. ಗಟ್ಟಿ ನೆಲದ ಮೇಲೆ ಕಡಲೆಕಾಳು ಚೆಲ್ಲಿದಂತೆ. ಇದಕ್ಕೆ ಗುಬ್ಬಿ ಟೈರ್ ಹಾಕಿ ಏನೂ ಬಾರದು, ಗುಬ್ಬಿ ಹೂತುಕೊಳ್ಳಲು ಮೆತ್ತಗಿನ ಮಣ್ಣೇ ಇಲ್ಲ. ಜೀಪಿನ ಚಕ್ರ ಹೋದ ಎರಡು ಜಾಡು ಗುಡಿಸಿದಂತೆ ಸ್ವಚ್ಛ ಇರುತ್ತವೆ. ನಡುವಿನ ದಿಣ್ಣೆಯಲ್ಲೂ ತಿರುವಿನ ಹೊರಬದಿಯಲ್ಲೂ ಚರಳು ರಾಶಿ ಬಿದ್ದಿರುತ್ತದೆ. ಜಾಡು ಬಿಡಬೇಡಿ. ವೇಗವನ್ನು ತಿರುವಿನ ಮೊದಲೇ, ಸೈಕಲ್ ನೆಟ್ಟಗಿರುವಾಗ, ಎರಡೂ ಬ್ರೇಕು ಹಿಡಿದು ಇಳಿಸಿ. ತಿರುವಿನೊಳಗೆ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಹೊರಗಿನ ಪೆಡಲ್ ಕೆಳಗಿರಲಿ, ಭಾರ ಅದರ ಮೇಲಿರಲಿ. ಜಾಡು ಬದಲಿಸಬೇಕಾದರೆ ನಡುದಿಣ್ಣೆಯನ್ನು ಓರೆಯಾಗಿ ನಿಧಾನಕ್ಕೆ ಹತ್ತಬೇಡಿ, ಸ್ವಲ್ಪ ನೇರವಾಗಿ, ಬ್ರೇಕಿಲ್ಲದೆ ದಾಟಿ.

ಪ್ರಶ್ನೆ: ಸಾದಾ ಹೈಬ್ರಿಡ್ ಸೈಕಲ್ ಸಾಕೇ? — ಓದುಗರು, ನೀರ್ಚಾಲು

ಸಾಕು. 35 ಮಿ.ಮೀ. ಟೈರ್ ಹಾಕಿದ ಮೇಲೂ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ 5–6 ಮಿ.ಮೀ. ಜಾಗ ಉಳಿಯಬೇಕು. ಇಲ್ಲವಾದರೆ ಕೆಂಪು ಮಣ್ಣು ಮೆತ್ತಿಕೊಂಡು ಚಕ್ರ ನಿಲ್ಲುತ್ತದೆ, ಅದರಲ್ಲಿ ಸಿಕ್ಕಿದ ಹರಳು ಫ್ರೇಮಿನ ಬಣ್ಣ ಕೆರೆಯುತ್ತದೆ.

ಪ್ರಶ್ನೆ: ಮೊಬೈಲಿನ ನಕ್ಷೆಯಲ್ಲಿ ದಾರಿ ಕಾಣುತ್ತದೆ, ಹೋದರೆ ಯಾರದೋ ಅಂಗಳ, ಇಲ್ಲವೇ ಬೇಲಿ. ಇದಕ್ಕೆ ಉಪಾಯ ಏನು? — ಓದುಗರು, ಪುತ್ತೂರು

ಊರಿನ ಹೆಸರನ್ನು ಓದಲು ಕಲಿಯಿರಿ. ಕಾಸರಗೋಡಿನ ಹಳ್ಳಿಯ ಹೆಸರುಗಳಷ್ಟು ಒಳ್ಳೆಯ ನಕ್ಷೆ ಬೇರೆ ಇಲ್ಲ. 'ಪದವು' ಎಂದು ಮುಗಿದರೆ ಎತ್ತರದ ಚಪ್ಪಟೆ ನೆಲ, ಚರಳು ಇರುವ ಸಂಭವ ಹೆಚ್ಚು. 'ಅಡ್ಕ' ಬಯಲು ಜಾಗ, ಅದೂ ಒಳ್ಳೆಯದೇ. 'ಬೈಲು' ಎಂದರೆ ಗದ್ದೆಯ ತಗ್ಗು. ಡಿಸೆಂಬರಿನವರೆಗೂ ಕೆಸರು ಇರಬಹುದು, ದಾಟಲು ಸಂಕ (ಕಾಲುಸೇತುವೆ) ಇದೆಯೇ ನೋಡಬೇಕು. 'ಗುಡ್ಡೆ', 'ಗುಂಪೆ' ಇದ್ದರೆ ಏರು ಖಂಡಿತ. 'ಕಾನ' ಇದ್ದರೆ ಮರ ದಟ್ಟವಾಗಿದ್ದ ತಂಪು ಕಣಿವೆ. 'ಮೂಲೆ' ಎಂದು ಮುಗಿದರೆ ಮಾರ್ಗ ಅಲ್ಲಿಗೇ ಮುಗಿಯಿತೆಂದು ತಿಳಿದುಕೊಂಡೇ ಹೊರಡಿ. ಎರಡು ಪದವುಗಳ ನಡುವೆ ಬೈಲು ಇದ್ದರೆ ಒಂದು ಇಳಿತ, ಒಂದು ತೋಡು, ಒಂದು ಏರು. ಮಾರ್ಗದ ಉದ್ದ ನೋಡಿ ಹೊತ್ತು ಲೆಕ್ಕ ಹಾಕಿದವರೆಲ್ಲ ಸೋಲುವುದು ಇಲ್ಲೇ.

ಹೆಸರು ಹುಡುಕುವಾಗಲೂ ಎಚ್ಚರ ಬೇಕು. ನಕ್ಷೆಯಲ್ಲಿ ಕುಂಬಳೆ 'ಕುಂಬ್ಳ', ಮಂಜೇಶ್ವರ 'ಮಂಜೇಶ್ವರಂ', ಹೊಸದುರ್ಗ 'ಕಾಞಂಗಾಡ್'. ಹೊಸದುರ್ಗ ಎಂದೇ ಹುಡುಕಿದರೆ ಚಿತ್ರದುರ್ಗ ಜಿಲ್ಲೆಗೆ ಕರೆದೊಯ್ದೀತು.

ಆಮೇಲೆ ಉಪಗ್ರಹ ಚಿತ್ರ ಹಾಕಿ ಗೆರೆಯನ್ನು ಬೆರಳಿನಷ್ಟು ಬೆರಳಿನಷ್ಟು ಹಿಗ್ಗಿಸಿ ನೋಡಿ. ಎರಡು ಸಮಾನಾಂತರ ಗೆರೆ ಕಂಡರೆ ಜೀಪು ಹೋಗುತ್ತದೆ. ಒಂದೇ ಸಪೂರ ಗೆರೆ ಅಡಿಕೆ ತೋಟದೊಳಗೆ ಮಾಯವಾದರೆ ಅದು ತೋಟದವರ ಕಾಲುದಾರಿ. ಉಣುಗೋಲು (ಅಡ್ಡ ಗಳುಗಳ ಬಾಗಿಲು) ಹಾಕಿದ್ದರೆ ಅದು ಖಾಸಗಿ ಜಾಗ. ಮನೆಯವರನ್ನು ಕೂಗಿ ಕೇಳಿ, ಒಪ್ಪಿದರೆ ದಾಟಿದ ಮೇಲೆ ಗಳುಗಳನ್ನು ಮೊದಲಿದ್ದಂತೆಯೇ ಹಾಕಿ, ದನ ಹೊರಬೀಳಬಾರದು. ಕನ್ನಡ, ತುಳು, ಮಲಯಾಳ, ಯಾವುದರಲ್ಲಿ ಕೇಳಿದರೂ ನಡೆಯುತ್ತದೆ. "ಇದು ಎಲ್ಲಿಗೆ ಹೋಗುತ್ತದೆ?" ಎಂದಲ್ಲ, "ಈ ದಾರಿಯಲ್ಲಿ ಜೀಪು ಇಂಥ ಊರಿಗೆ ಮುಟ್ಟುತ್ತದಾ?" ಎಂದು ಕೇಳಿ. ಮೊದಲನೆಯದಕ್ಕೆ ಎಲ್ಲ ದಾರಿಯೂ ಎಲ್ಲ ಕಡೆಗೂ ಹೋಗುತ್ತದೆ ಎಂಬ ಉತ್ತರ ಬರುತ್ತದೆ. ಗೇರು ಪ್ಲಾಂಟೇಶನ್‌ಗಳ ಒಳಗಿನ ಮಾರ್ಗಕ್ಕೂ ಅಲ್ಲಿಯವರ ಒಪ್ಪಿಗೆ ಬೇಕು.

ಪ್ರಾಣಕ್ಕೆ ಬರುವ ಅಪಾಯ ಬೇಲಿಯದ್ದಲ್ಲ, ಬಿಟ್ಟುಬಿಟ್ಟ ಕೆಂಪುಕಲ್ಲಿನ ಕೋರೆಯದು. ಕಲ್ಲನ್ನು ಚೌಕ ಚೌಕವಾಗಿ ಕತ್ತರಿಸಿ ತೆಗೆಯುವುದರಿಂದ ಕೋರೆಯ ಅಂಚು ಗೋಡೆಯ ಹಾಗೆ ನೆಟ್ಟಗೆ ಇಳಿದಿರುತ್ತದೆ. ತಡೆ ಇಲ್ಲ, ಫಲಕ ಇಲ್ಲ, ಅಂಚಿನವರೆಗೂ ಹುಲ್ಲು, ಮಳೆ ಬಂದ ಮೇಲೆ ಕೆಳಗೆ ಆಳು ಮುಳುಗುವ ನೀರು. ಲಾರಿಯ ಜಾಡು ಅಗಲವಾಗುತ್ತ ಕಲ್ಲಿನ ಬಿಳಿ–ಕೆಂಪು ಪುಡಿ ದಟ್ಟವಾದರೆ ಮುಂದೆ ಕೋರೆ ಇದೆ ಎಂದೇ ಅರ್ಥ. ಸೈಕಲ್ ಇಳಿದು ನಡೆಯಿರಿ. ಪಾದೆಯ ಮೇಲೆ ಕತ್ತಲಲ್ಲಿ ತುಳಿಯುವುದು ಬೇಡವೇ ಬೇಡ, ದೀಪ ಎಷ್ಟು ದೊಡ್ಡದಿದ್ದರೂ.

ಪ್ರಶ್ನೆ: ಟ್ಯೂಬ್‌ಲೆಸ್ ಮಾಡಿಸಿ ನಾಲ್ಕು ತಿಂಗಳಾಯಿತು. ಮೊನ್ನೆ ಸಣ್ಣ ಮುಳ್ಳು ಚುಚ್ಚಿದ್ದಕ್ಕೇ ಗಾಳಿ ಪೂರ್ತಿ ಹೋಯಿತು. ಒಳಗಿನ ದ್ರವ ಯಾಕೆ ಕೆಲಸ ಮಾಡಲಿಲ್ಲ? — ಓದುಗರು, ಕುಂಬಳೆ

ಒಣಗಿರುತ್ತದೆ. ನಮ್ಮ ಸೆಕೆಗೆ ಸೀಲೆಂಟ್, ಅಂದರೆ ತೂತು ಮುಚ್ಚುವ ಆ ದ್ರವ, ಎರಡು–ಮೂರು ತಿಂಗಳಿಗೇ ರಬ್ಬರಿನ ಸಿಪ್ಪೆಯಾಗುತ್ತದೆ. 40ರ ಟೈರಿಗೆ ಮೊದಲ ಸಲ 60 ಮಿ.ಲೀ., ಆಮೇಲೆ ಎರಡು ತಿಂಗಳಿಗೊಮ್ಮೆ 30 ಮಿ.ಲೀ. ಹಾಕಿ. ಇದೆಯೋ ಇಲ್ಲವೋ ನೋಡುವುದು ಸುಲಭ: ವಾಲ್ವ್ ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ ಐದು ನಿಮಿಷ ಬಿಡಿ, ವಾಲ್ವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ಗಾಳಿ ಬಿಟ್ಟು ಅದರ ತಿರುಳನ್ನು ಬಿಚ್ಚಿ, ವಾಲ್ವನ್ನು ಮತ್ತೆ ಕೆಳಗೆ ತಂದು ಸಪೂರ ಕಡ್ಡಿ ಇಳಿಸಿ ತೆಗೆಯಿರಿ. ಕಡ್ಡಿ ಒದ್ದೆಯಾಗದಿದ್ದರೆ ಉತ್ತರ ಸಿಕ್ಕಿತು.

ಹೊಸ ಸೀಲೆಂಟ್ ಕೂಡ ಮುಚ್ಚುವುದು 3 ಮಿ.ಮೀ.ವರೆಗಿನ ತೂತನ್ನು ಮಾತ್ರ. ಅದಕ್ಕಿಂತ ದೊಡ್ಡದಾದರೆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಗಾಳಿ ಪೂರ್ತಿ ಹೋಗುವ ಮೊದಲೇ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಎಳೆ) ತುರುಕಿ, ಹೊರಗೆ 3–4 ಮಿ.ಮೀ. ಉಳಿಸಿ ಕತ್ತರಿಸಿ. ಮುರಕಲ್ಲಿನ ಅಂಚು ಟೈರಿನ ಪಕ್ಕೆಯನ್ನು ಸೀಳಿದರೆ ಪ್ಲಗ್ ನಿಲ್ಲದು. ಆಗ ಟ್ಯೂಬೇ ಗತಿ. ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಒತ್ತಿ ಸುತ್ತಲೂ ಎಳೆಯಿರಿ. ಸೀಲೆಂಟ್ ಇದ್ದಷ್ಟು ದಿನ ಚುಚ್ಚಿಕೊಂಡು ಸುಮ್ಮನಿದ್ದ ಹತ್ತಾರು ಮುಳ್ಳು ಅಲ್ಲಿರುತ್ತವೆ, ಒಂದು ಉಳಿದರೂ ಹೊಸ ಟ್ಯೂಬ್ ಹೋಯಿತು. ಸೀಳಿನ ಒಳಬದಿಗೆ ಹಳೆ ಟೈರಿನ ಅಥವಾ ಟೂತ್‌ಪೇಸ್ಟ್ ಟ್ಯೂಬಿನ 3×5 ಸೆಂ.ಮೀ. ತುಂಡು ಇಟ್ಟು ಗಾಳಿ ಹಾಕಿ. ಇಲ್ಲವಾದರೆ ಟ್ಯೂಬು ಸೀಳಿನಿಂದ ಹೊರಗೆ ಉಬ್ಬಿ ಒಡೆಯುತ್ತದೆ.

ಟೈರಿಗೆ ಗಾಳಿ ತುಂಬುವ ಸಣ್ಣ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಗ್ಯಾಸ್ ಕೆಲವು ಸೀಲೆಂಟ್‌ಗಳನ್ನು ಗಟ್ಟಿ ಮಾಡುತ್ತದೆ, ಕೈಪಂಪು ಕ್ಷೇಮ. ಸಪೂರ ಕುತ್ತಿಗೆಯ ಪ್ರೆಸ್ಟಾ ವಾಲ್ವಿನ ಟ್ಯೂಬು ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ, ಎರಡು ಟ್ಯೂಬ್ ಜೊತೆಗಿರಲಿ. ಪ್ರೆಸ್ಟಾಕ್ಕೆ ಸಿಕ್ಕಿಸುವ ಹಿತ್ತಾಳೆಯ ಅಡಾಪ್ಟರ್ ಒಂದು ಇದ್ದರೆ ಬೈಕ್ ಪಂಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ಒಂದೊಂದೇ ಸೆಕೆಂಡು ಹಿಡಿಯಲು ಹೇಳಿ, ಆ ಕಂಪ್ರೆಸರಿಗೆ ಸೈಕಲ್ ಟೈರು ಒಂದು ಗುಟುಕು.

ಪ್ರಶ್ನೆ: ಪೊಸಡಿಗುಂಪೆ ಹತ್ತಲು ಆಗುತ್ತಿಲ್ಲ, ಕಡೆಯ ಏರಿನಲ್ಲಿ ಇಳಿದು ದೂಡುತ್ತೇನೆ. ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರಗಳು) 50/34 ಹಲ್ಲು, ಹಿಂದೆ 11–28. ನನ್ನ ಶಕ್ತಿ ಕಡಿಮೆಯೋ, ಗಿಯರಿನ ತಪ್ಪೋ? — ಓದುಗರು, ಉಪ್ಪಳ

ಗಿಯರಿನ ತಪ್ಪು. ಗುಂಪೆಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,060 ಅಡಿ ಅಷ್ಟೇ. ಎತ್ತರ ಅಲ್ಲ, ಕಡಿದು ನಿಂತ ಏರು ಕಾಡುವುದು. ಬಂದ್ಯೋಡಿನಿಂದ ಧರ್ಮತ್ತಡ್ಕದವರೆಗೆ ಶಕ್ತಿಯನ್ನು ಖರ್ಚು ಮಾಡಿ ಬಂದಿರುತ್ತೀರಿ, ಅದೂ ಒಂದು ಕಾರಣ.

ಲೆಕ್ಕ ನೋಡಿ. 34ನ್ನು 28ರಿಂದ ಭಾಗಿಸಿದರೆ 1.21. 700×40 ಚಕ್ರ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಪೆಡಲಿನ ಒಂದು ಸುತ್ತಿಗೆ ಸುಮಾರು 2.7 ಮೀಟರ್. ಸೆಕೆಂಡಿಗೆ ಒಂದು ಸುತ್ತು ತುಳಿದರೆ ಗಂಟೆಗೆ 9.6 ಕಿ.ಮೀ. ನೀವು, ಸೈಕಲ್, ನೀರು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ ಶೇ. 10ರ ಚರಳಿನ ಏರಿನಲ್ಲಿ ಆ ವೇಗಕ್ಕೆ 250 ವ್ಯಾಟ್ ದಾಟುತ್ತದೆ. ಹವ್ಯಾಸಕ್ಕೆ ತುಳಿಯುವವರಿಗೆ ಇದು ಕೆಲವೇ ನಿಮಿಷದ ಮಾತು. ಮುಂದೆ 30, ಹಿಂದೆ 34 ಹಲ್ಲು ಆದರೆ ಅದೇ ಕಾಲಿನ ಲಯಕ್ಕೆ ಗಂಟೆಗೆ 7 ಕಿ.ಮೀ., ಸುಮಾರು 185 ವ್ಯಾಟ್. ಎದ್ದು ನಿಂತು ತುಳಿದು ಸರಿತೂಗಿಸೋಣ ಎಂದರೆ ಚರಳಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ, ಕೂತೇ ತುಳಿಯಬೇಕು.

ಖರ್ಚು ಕಡಿಮೆಯ ದಾರಿ ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಬದಲಿಸುವುದು: 11–34. ನಿಮ್ಮ ಡಿರೇಲರ್ (ಗಿಯರ್ ಬದಲಿಸಲು ಚೈನನ್ನು ಸರಿಸುವ ಭಾಗ) 34 ಹಲ್ಲನ್ನು ತಡೆಯುತ್ತದೆಯೇ ಎಂದು ಮೊದಲು ನೋಡಿ, ಚೈನನ್ನೂ ಹೊಸದಾಗಿ ಅಳೆಯಿರಿ. ಡಿರೇಲರ್ ಒಳಗಿಂದ ಹಾಯಿಸದೆ ದೊಡ್ಡ ರಿಂಗ್–ದೊಡ್ಡ ಹಲ್ಲಿಗೆ ಸುತ್ತಿ, ತುದಿಗಳು ಕೂಡುವಲ್ಲಿಗೆ ಎರಡು ಕೊಂಡಿ ಹೆಚ್ಚು ಇರಬೇಕು. ಹಳೆಯ ಚೈನಿನಲ್ಲೇ ದೊಡ್ಡದು–ದೊಡ್ಡದಕ್ಕೆ ಹಾಕಿದರೆ ಡಿರೇಲರ್ ಕಿತ್ತುಬರುತ್ತದೆ. ಮುಂದಿನ ರಿಂಗನ್ನು 30ಕ್ಕೆ ಇಳಿಸುವುದು ಈ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳಿನಲ್ಲಿ) ಆಗದು, ರಿಂಗ್ ಕೂರಿಸುವ ಬೋಲ್ಟುಗಳ 110 ಮಿ.ಮೀ. ವೃತ್ತಕ್ಕೆ 34ಕ್ಕಿಂತ ತುಂಬ ಚಿಕ್ಕದು ಕೂರುವುದಿಲ್ಲ, ಕ್ರ್ಯಾಂಕೇ ಬದಲಾಗಬೇಕು.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಕಟ್ಟಿಡಬೇಕೇ? — ಓದುಗರು, ಮುಳ್ಳೇರಿಯ

ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಬರುವ ಊರಿನಲ್ಲಿ ಕಟ್ಟಿಟ್ಟರೆ ತುಳಿಯುವುದು ಯಾವಾಗ? ಡಾಮರಿನಲ್ಲಿ ತುಳಿಯಿರಿ. ಪಾದೆ ಮಾತ್ರ ಬೇಡ. ಮುರಕಲ್ಲಿನ ಮೇಲೆ ಹಾವಸೆ ಹಿಡಿದರೆ ಯಾವ ಟೈರೂ ನಿಲ್ಲದು, ಗಾಳಿ ಎಷ್ಟಿದ್ದರೂ ಅಷ್ಟೇ. ತೋಟದ ಬದಿಯಲ್ಲಿ ಒದ್ದೆ ಅಡಿಕೆ ಹಾಳೆ ಬಿದ್ದಿರುತ್ತದೆ. ಮಕ್ಕಳು ಅದರ ಮೇಲೆ ಕೂತು ಎಳೆದಾಡುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಅಡಿಕೆ ಮರದ ಸಂಕವಾದರೆ ಸೈಕಲ್ ಹೊತ್ತು ದಾಟಿ. ತೋಡಿನ ಕೆಂಪು ನೀರಿನ ಅಡಿ ಕಾಣದಿದ್ದರೆ ಕೋಲು ಹಾಕಿ ನೋಡಿ. ಹರಿಯುವ ನೀರು ಮೊಣಕಾಲಿಗೆ ಬಂದರೆ ಹಿಂದಿರುಗಿ.

ಕೆಂಪು ಕೆಸರು ಬ್ರೇಕ್ ಪ್ಯಾಡನ್ನು ಉಪ್ಪುಕಾಗದದಂತೆ ತಿನ್ನುತ್ತದೆ. ರೆಸಿನ್ ಪ್ಯಾಡು ಮಳೆಗಾಲದ ಕೆಲವೇ ಸವಾರಿಗಳಲ್ಲಿ ಮುಗಿಯಬಹುದು. ಲೋಹದ, ಅಂದರೆ ಸಿಂಟರ್ಡ್ ಪ್ಯಾಡ್ ಹಾಕಿಸಿ. ಡಿಸ್ಕಿನ ಮೇಲೆ 'ರೆಸಿನ್ ಪ್ಯಾಡ್ ಮಾತ್ರ' ಎಂದು ಅಚ್ಚಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು, ಇಲ್ಲವಾದರೆ ಅದೇ ಸವೆದುಹೋಗುತ್ತದೆ. ಪ್ಯಾಡಿನ ದಪ್ಪ, ಲೋಹದ ತಗಡು ಬಿಟ್ಟು, 1 ಮಿ.ಮೀ.ಗೆ ಬಂದಾಗಲೇ ಹೊಸದು ಹಾಕಿ. ಕಾಲಿನಲ್ಲಿ ಗಾಯವಿದ್ದರೆ ನೀರು ತಾಗದಂತೆ ಮುಚ್ಚಿಕೊಳ್ಳಿ. ಕೆಸರುನೀರಿನಲ್ಲಿ ಇಳಿದ ಮೇಲಿನ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ವೈದ್ಯರಿಗೆ ನೀರಿನ ವಿಷಯ ಹೇಳಿ, ಇಲಿಜ್ವರ ಇರಬಹುದು.

ಪ್ರಶ್ನೆ: ಮಾರ್ಚಿನಲ್ಲಿ ಎರಡು ಗಂಟೆ ತುಳಿದರೆ ತಲೆನೋವು, ಕಾಲು ಹಿಡಿಯುತ್ತದೆ. ನೀರು ಬೇಕಾದಷ್ಟು ಕುಡಿಯುತ್ತೇನೆ. — ಓದುಗರು, ಚೆರ್ಕಳ

ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ಬರುವುದಿಲ್ಲ. ಗಂಟೆಗೆ 500–750 ಮಿ.ಲೀ. ಸಾಕು, ಎರಡರಲ್ಲಿ ಒಂದು ಬಾಟಲಿಗೆ ಒಆರ್‌ಎಸ್ ಹಾಕಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಸುರಿದರೆ ಹೊಟ್ಟೆ ಕೆಡುತ್ತದೆ. ಸೀಯಾಳದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಸೇರಿಸಿ ಕುಡಿಯಿರಿ, ಮಾರುವವರು ಮುಖ ನೋಡಿದರೆ ನೋಡಲಿ. ಆರು ಗಂಟೆಗೆ ಹೊರಟು ಒಂಬತ್ತೂವರೆಗೆ ಮುಗಿಸಿ.

ಪ್ರಶ್ನೆ: ನಾಯಿ ಅಟ್ಟಿಸಿಕೊಂಡು ಬಂದರೆ? — ಓದುಗರು, ಪೆರ್ಲ

ಏರಿನಲ್ಲಿ ಓಡಲಾಗದು, ಇಳಿಯಿರಿ. ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಹಿಡಿದು ನಡೆಯಿರಿ, ಹೆಚ್ಚಿನವು ಅಲ್ಲಿಗೆ ಬಿಡುತ್ತವೆ. ಕಚ್ಚಿದರೆ, ಪರಚಿದರೂ ಕೂಡ, ಹರಿಯುವ ನೀರು ಮತ್ತು ಸಾಬೂನಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಪ್ರಶ್ನೆ: ಚೈನಿಗೆ ಗ್ರೀಸ್ ಹಚ್ಚಬಹುದೇ? ಎಣ್ಣೆ ಹಾಕಿದರೆ ಎರಡೇ ದಿನದಲ್ಲಿ ಕಪ್ಪಾಗುತ್ತದೆ. — ಓದುಗರು, ವಿದ್ಯಾನಗರ

ಬೇಡ. ಗ್ರೀಸಿಗೆ ಕೆಂಪು ಹುಡಿ ಅಂಟಿದರೆ ಅರೆಯುವ ಕಲ್ಲಾಗುತ್ತದೆ. ಒಣ ದಿನಗಳಲ್ಲಿ ಮೇಣದ ಲೂಬ್, ಮಳೆಗಾಲದಲ್ಲಿ ದಪ್ಪ ಎಣ್ಣೆ. ಕೊಂಡಿಯ ಒಂದೊಂದು ಉರುಳೆಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಒಳಗಿರಬೇಕು, ಹೊರಗಲ್ಲ. ಸವೆತ ಅಳೆಯಲು ಒಂದು ಸ್ಟೀಲ್ ಸ್ಕೇಲ್ ಸಾಕು: ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅದರ ಮುಂದಿನ 24ನೇ ಪಿನ್ನಿಗೆ ಅಂತರ ಸರಿಯಾಗಿ 12 ಇಂಚು. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ತೋರಿಸಿದರೆ, 11–12 ಸ್ಪೀಡಿನವರು ಚೈನ್ ಬದಲಿಸಬೇಕು. ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಬಿಟ್ಟರೆ ಕ್ಯಾಸೆಟ್ಟಿನ ಹಲ್ಲೂ ಸವೆದು, ಹೊಸ ಚೈನ್ ಹಾಕಿದ ದಿನವೇ ಏರಿನಲ್ಲಿ ಹಾರಲು ಶುರುವಾಗುತ್ತದೆ.